ಊರ ಮಾತು ಶಾಲೆಯೊಳಗೆ: ಬೇವೂರಿನ ಪ್ರಣಾಳಿಕೆ

ಕೊಪ್ಪಳ ಜಿಲ್ಲೆಯ ಬೇವೂರಿನ ತಂದೆತಾಯಂದಿರು, ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಸೇರಿ ಈ ಚಳವಳಿಯನ್ನು ಆರಂಭಿಸುತ್ತಿದ್ದೇವೆ. ನಮ್ಮ ಬೇಡಿಕೆ ಒಂದೇ: ಮನೆ, ಹೊಲ, ಸಂತೆಯಲ್ಲಿ ನಮ್ಮ ಮಕ್ಕಳು ಆಡುವ ಕನ್ನಡವನ್ನು ತರಗತಿಯಲ್ಲೂ ಅಳುಕಿಲ್ಲದೆ ಆಡುವಂತಾಗಬೇಕು.

ಏಕೆ ಈ ಚಳವಳಿ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಹೆಸರಿಸಿದೆ. ಅದೇ ನೆಲದ ಮಗು ಇಂದು ‘ನಮ್ಮವ್ವ ಹೊಲಕ್ಕ ಹೋಗ್ಯಾಳ್ರಿ’ ಎಂದರೆ ‘ಶುದ್ಧವಾಗಿ ಹೇಳು’ ಎಂದು ಗದರಿಸಿಕೊಳ್ಳುತ್ತದೆ. ಮರುದಿನದಿಂದ ಬಾಯಿ ಬಿಡುವುದಿಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾಗುತ್ತದೆ. ಕಣ್ಣಾರೆ ಕಂಡದ್ದನ್ನು ನಾಲ್ಕು ಸಾಲು ಬರೆಯಲು ತಡವರಿಸುತ್ತದೆ.

1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯಲ್ಲೂ ಮೇಲಿನ ತರಗತಿಗಳಲ್ಲೂ ಉರ್ದು ನಡೆಯುತ್ತಿತ್ತು. ಆಗ ಕನ್ನಡವನ್ನು ಕಾಪಾಡಿದ್ದು ಮನೆ, ಮಠ, ರಾಶಿಯ ಕಣ, ಬಯಲಾಟದ ಅಟ್ಟ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಆ ವಾತಾವರಣದಲ್ಲೇ ಬೆಳೆದು ‘ಕಾವ್ಯಾನಂದ’ ಎಂಬ ಕಾವ್ಯನಾಮದ ಕವಿಯಾದರು. ಇಂದು ಪಾಠ ನಡೆಯುವುದು ಕನ್ನಡದಲ್ಲೇ. ಆದರೆ ಯಂತ್ರ ಬಂದು ಕಣ ಹೋಯಿತು, ಕಣದೊಂದಿಗೆ ಅಲ್ಲಿ ಹಾಡುತ್ತಿದ್ದ ಹಂತಿಪದವೂ ಹೋಯಿತು. ಆ ಜಾಗಗಳು ಹೊತ್ತಿದ್ದ ಹೊಣೆಯನ್ನು ಇನ್ನು ಶಾಲೆ ಹೊರಬೇಕು.

ನಮ್ಮ ನಂಬಿಕೆ

1. ಆಡುಮಾತು ತಪ್ಪು ಕನ್ನಡವಲ್ಲ. ಅರ್ಜಿ ಬರೆಯಲು, ಪತ್ರಿಕೆ ಓದಲು ಪುಸ್ತಕದ ಕನ್ನಡವೂ ಬೇಕು. ಆಡುಮಾತನ್ನು ಅಳಿಸದೆ ಅದರ ಮೇಲೆಯೇ ಇದನ್ನು ಕಟ್ಟಬೇಕು.

2. ಇಂಗ್ಲಿಷಿಗೆ ನಾವು ವಿರೋಧಿಗಳಲ್ಲ. ಸ್ವಂತ ಮಾತಿನಲ್ಲಿ ಪ್ರಶ್ನೆ ಕೇಳುವ ಧೈರ್ಯವಿರುವ ಮಗು ಇನ್ನೊಂದು ಭಾಷೆಯನ್ನೂ ಧೈರ್ಯವಾಗಿ ಕಲಿಯುತ್ತದೆ.

3. ಕಲಿಕೆ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ತಾಂಡಾದ ಮಗುವಿನ ಲಂಬಾಣಿಗೂ, ಉರ್ದು ಆಡುವ ಮಗುವಿನ ಮನೆಮಾತಿಗೂ ಇದೇ ಗೌರವ ಸಲ್ಲಬೇಕು.

ನಮ್ಮ ಕೆಲಸ

1. ಪ್ರತಿ ತರಗತಿಯಲ್ಲಿ ವಾರಕ್ಕೊಂದು ಮಾತಿನ ತಾಸು. ಮಗು ಮಾತಾಡುವಾಗ ಯಾರೂ ನಡುವೆ ತಿದ್ದಬಾರದು. ಹೇಳಿದ ಕಥೆಯನ್ನು ಮೊದಲು ಹೇಳಿದಂತೆಯೇ ಬರೆಯಲಿ. ಆಮೇಲೆ ಶಿಕ್ಷಕರ ಜೊತೆ ಕೂತು ಪುಸ್ತಕದ ಕನ್ನಡದಲ್ಲಿ ಬರೆಯಲಿ.

2. ಹಂತಿಪದ, ಬೀಸುವ ಪದ, ಒಡಪು, ಗಾದೆ ಬಲ್ಲ ಹಿರಿಯರನ್ನು ಶಾಲೆಗೆ ಕರೆತರುತ್ತೇವೆ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಜಿಲ್ಲೆಯ ಮೋರನಾಳದವರು. ಆ ಆಟದ ಮಾತುಗಾರಿಕೆಯನ್ನು ಮಕ್ಕಳು ಎದುರು ಕೂತು ಕೇಳಬೇಕು.

3. ಕೂರಿಗೆ, ಕುಂಟೆ, ಮಳೆ, ಬೆಳೆ, ಅಡುಗೆಗೆ ಸಂಬಂಧಿಸಿದ ಮಾತುಗಳನ್ನು ಮಕ್ಕಳೇ ಮನೆಮನೆ ತಿರುಗಿ ಕೂಡಿಸಲಿ. ಶಾಲೆಯ ಗೋಡೆಪತ್ರಿಕೆಯಲ್ಲಿ ಅವರ ಹೆಸರಿನೊಂದಿಗೆ ಪ್ರಕಟವಾಗಲಿ.

ಸರ್ಕಾರಕ್ಕೆ ನಮ್ಮ ಒತ್ತಾಯ

ಕನ್ನಡ ಪರೀಕ್ಷೆಯಲ್ಲಿ ಮಾತಾಡುವುದಕ್ಕೂ ಕೇಳಿ ತಿಳಿಯುವುದಕ್ಕೂ ತೂಕದ ಅಂಕ ಕೊಡಿ. ಮಕ್ಕಳ ಆಡುಮಾತಿನಿಂದ ಪಾಠ ಕಟ್ಟುವ ತರಬೇತಿಯನ್ನು ಶಿಕ್ಷಕರಿಗೆ ಕೊಡಿ. ಕಲ್ಯಾಣ ಕರ್ನಾಟಕದ ಮಾತಿನಲ್ಲೇ ಇರುವ ಕಥೆಗಳನ್ನು ಕೆಳಗಿನ ತರಗತಿಗಳ ಪಠ್ಯಕ್ಕೆ ಸೇರಿಸಿ.

ಕರೆ

ಈ ಚಳವಳಿಗೆ ಚಂದಾ ಇಲ್ಲ. ತಿಂಗಳಿಗೊಂದು ತಾಸು ಶಾಲೆಗೆ ಬನ್ನಿ. ನಿಮಗೆ ಗೊತ್ತಿರುವ ಒಂದು ಕಥೆ, ಒಂದು ಪದ ಮಕ್ಕಳಿಗೆ ಕೊಡಿ. ಓದು ಬರೆಹ ಬಾರದವರೂ ಇಲ್ಲಿ ಗುರುಗಳೇ. ಬೇವೂರು ಮೊದಲ ಹೆಜ್ಜೆ ಇಟ್ಟಿದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳದ ಊರೂರೂ ಜೊತೆಗೆ ಬರಲಿ.