ಉಪ್ಪುನೀರಿನ ಕಗ್ಗವೂ ನಮ್ಮ ಊಟದ ತಟ್ಟೆಯೂ

ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ಕರಾವಳಿಯ ಕಡೆಗೆ ಹೋಗಿಬಂದ ಭಕ್ತರೊಬ್ಬರು ಮಠದ ಉಗ್ರಾಣಕ್ಕೆ ಒಂದು ಸಣ್ಣ ಚೀಲ ಅಕ್ಕಿಯನ್ನು ತಂದೊಪ್ಪಿಸಿದರು. ದಪ್ಪ ಕಾಳು, ಇಟ್ಟಿಗೆಯಂಥ ಕೆಂಪು ಬಣ್ಣ. ಕುಮಟಾ ಸೀಮೆಯಲ್ಲಿ ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಬೆಳೆದದ್ದೆಂದೂ ಅದರ ಹೆಸರು ಕಗ್ಗವೆಂದೂ ಅವರು ತಿಳಿಸಿದರು. ಅಡುಗೆಯವರು ಅದನ್ನು ಎಂದಿನ ಅಕ್ಕಿಯಂತೆಯೇ ಒಲೆಗೇರಿಸಿ, ಬೇಯದಿರುವುದನ್ನು ಕಂಡು ಮತ್ತೆ ನೀರು ಹೊಯ್ದು, ಅಂತೂ ಅನ್ನ ಮಾಡಿದರು. ಪಂಕ್ತಿಯಲ್ಲಿ ಕುಳಿತ ಹಿರಿಯರು ರುಚಿಯಾಗಿದೆ ಎಂದರು. ಹುಡುಗರು ಬೆಳ್ಳಗಿನ ಅನ್ನ ಎಲ್ಲಿ ಎಂದು ಕೇಳಿದರು. ಆಮೇಲೆ ಪ್ರಶ್ನೆಗಳು ಆರಂಭವಾದವು. ಉಪ್ಪುನೀರಿನಲ್ಲಿ ಬೆಳೆದ ಅಕ್ಕಿ ಉಪ್ಪಾಗಿರದೇ? ಇದು ಸಕ್ಕರೆ ಕಾಯಿಲೆಗೆ ಮದ್ದಂತೆ, ಹೌದೇ? ನಮ್ಮ ಸವಳು ಭೂಮಿಯಲ್ಲಿ ಇದನ್ನು ಬೆಳೆಯಬಹುದೇ? ಅಂದು ಕೊಟ್ಟ ಅರೆಬರೆ ಉತ್ತರಗಳು ನಮಗೇ ಸಮಾಧಾನ ತರಲಿಲ್ಲವಾದ್ದರಿಂದ ಈ ಲೇಖನ.

ಕಗ್ಗವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಡಿ.ವಿ.ಜಿ.ಯವರ ಮಂಕುತಿಮ್ಮನೇ ನೆನಪಾಗುತ್ತಾನೆ. ಇದು ಬೇರೆ. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟೆಗೆ ಸಿಕ್ಕದೆ ಹರಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿ ನದಿಯ ಅಳಿವೆಯ ಇಕ್ಕೆಲಗಳಲ್ಲಿ ತಗ್ಗು ಗದ್ದೆಗಳಿವೆ. ಅವುಗಳಿಗೆ ಅಲ್ಲಿಯವರು ಗಜನಿ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ಸಮುದ್ರದ ಉಬ್ಬರ ನದಿಯೊಳಕ್ಕೆ ಏರಿಬರುತ್ತದೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸಾಮಾನ್ಯ ಭತ್ತದ ಸಸಿ ಅದರ ಹತ್ತನೆಯ ಒಂದು ಪಾಲಿನ ಉಪ್ಪಿಗೂ ಬಾಡಿಹೋಗುವಂಥದು. ಅಂಥ ನೆಲದಲ್ಲಿ ಬೆಳೆದು ತೆನೆ ತೂಗುವ ತಳಿಯೇ ಕಗ್ಗ. ಬಿಳಿ ಕಗ್ಗ, ಕರಿ ಕಗ್ಗ ಎಂಬ ಭೇದಗಳೂ ಅದರಲ್ಲಿವೆ.

ಇದನ್ನು ಬೆಳೆಸುವ ಕ್ರಮದಲ್ಲಿ ಮನುಷ್ಯನ ಬುದ್ಧಿಯಷ್ಟೇ ತಾಳ್ಮೆಯೂ ಕಾಣುತ್ತದೆ. ನದಿಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲುಳ್ಳ ತೂಬು. ಬೇಸಿಗೆಯಲ್ಲಿ ನೆಲ ಒಣಗಿದಾಗ ಮಣ್ಣನ್ನು ಗುಡ್ಡೆ ಮಾಡಿ ಬಿಡುತ್ತಾರೆ. ಮೃಗಶಿರೆ ಹುಟ್ಟಿ ಮಳೆ ಹಿಡಿಯಿತೆಂದರೆ ಗುಡ್ಡೆಯ ಮೈಮೇಲಿನ ಉಪ್ಪು ತೊಳೆದು ಕೆಳಗಿಳಿಯುತ್ತದೆ. ತೂಬು ತೆರೆದಾಗ ಇಳಿತದೊಡನೆ ಹೊರಗೆ ಹೋಗುತ್ತದೆ. ಆಗ ಮೊಳಕೆ ಬರಿಸಿದ ಬೀಜವನ್ನು ಬಿತ್ತುತ್ತಾರೆ. ಗೊಬ್ಬರವಿಲ್ಲ, ಕೀಟನಾಶಕವಿಲ್ಲ, ಉಬ್ಬರದ ನೀರು ಹೊತ್ತು ತರುವ ಮೆಕ್ಕಲು ಮಣ್ಣೇ ಸಾರ. ಗದ್ದೆಯಲ್ಲಿ ನೀರು ಏರಿದರೆ ಎತ್ತರದ ಈ ಪೈರು ತಲೆ ಮೇಲೆತ್ತಿ ನಿಲ್ಲುತ್ತದೆ. ಮಳೆ ಹಿಂದೆಗೆಯುವ ಹೊತ್ತಿಗೆ, ಅಂದರೆ ಅಕ್ಟೋಬರದ ಆಸುಪಾಸಿಗೆ, ಕೊಯ್ಲು. ನೀರಿನಲ್ಲಿ ಉಳಿದ ಕೂಳೆ ಕೊಳೆತು ಮೀನು ಸೀಗಡಿಗಳಿಗೆ ಆಹಾರವಾಗುತ್ತದೆ. ಅವುಗಳ ಮಲಿನವೇ ಬರುವ ವರ್ಷದ ಪೈರಿಗೆ ಗೊಬ್ಬರ. ಮೀನುಗಾರಿಕೆ ನಮ್ಮ ಓದುಗರ ಬದುಕಿನಿಂದ ದೂರದ ಸಂಗತಿಯೆಂಬುದನ್ನು ಬಲ್ಲೆವು. ಆದರೂ ಅದನ್ನು ಬಿಟ್ಟು ಗಜನಿಯ ಕಥೆ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ.

ಉಪ್ಪಿನ ಪ್ರಶ್ನೆಗೆ ಬರೋಣ. ಕಗ್ಗದ ಅಕ್ಕಿ ಉಪ್ಪಾಗಿರುವುದಿಲ್ಲ. ಉಪ್ಪು ತಾಳುವ ಭತ್ತವು ಉಪ್ಪನ್ನು ಇಷ್ಟಪಟ್ಟು ಹೀರುವುದಿಲ್ಲ, ಸಾಧ್ಯವಾದಷ್ಟು ತಡೆಯುತ್ತದೆ. ಬೇರಿನಲ್ಲಿಯೇ ಒಂದಷ್ಟನ್ನು ನಿಲ್ಲಿಸಿ, ತಡೆಯಲಾಗದೆ ಒಳಬಂದುದನ್ನು ಮುದಿ ಎಲೆಗಳಲ್ಲಿ ಕೂಡಿಹಾಕಿ, ಎಳೆಯ ಎಲೆಗಳನ್ನೂ ತೆನೆಯನ್ನೂ ಕಾಪಾಡುತ್ತದೆ. ಕಾಳಿಗೆ ತಲಪುವ ಸೋಡಿಯಂ ಅತ್ಯಲ್ಪ. ಕೇರಳದ ಕರಾವಳಿಯಲ್ಲಿ ಇದೇ ಬಗೆಯಲ್ಲಿ ಬೆಳೆಯುವ ಪೊಕ್ಕಾಳಿ ಎಂಬ ಭತ್ತದಲ್ಲಿ, ಸೋಡಿಯಂ ಮತ್ತು ಪೊಟ್ಯಾಸಿಯಂಗಳ ತೂಕವನ್ನು ಕಾಯುವ ವಂಶವಾಹಿಯ ಭಾಗವನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿ ಅದಕ್ಕೆ ಸಾಲ್ಟಾಲ್ ಎಂದು ಹೆಸರಿಟ್ಟರು. ಇಂದು ನಾನಾ ದೇಶಗಳಲ್ಲಿ ಹೊಸ ತಳಿಗಳಿಗೆ ಆ ಗುಣವನ್ನು ಕೂಡಿಸುತ್ತಿದ್ದಾರೆ. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಕರಾವಳಿಯ ಬಡ ರೈತನೊಬ್ಬನ ಕಣಜದಲ್ಲಿರುವ ಬೀಜ ಜಗತ್ತಿಗೆ ಬೇಕಾಗುವುದು ಹೀಗೆ.

ಇನ್ನು ಆರೋಗ್ಯದ ಮಾತು. ಇಲ್ಲಿ ನಾವು ಸ್ವಲ್ಪ ನಿಷ್ಠುರರಾಗಬೇಕಾಗಿದೆ. ಇತ್ತೀಚೆಗೆ ಯಾವ ಹಳೆಯ ಧಾನ್ಯದ ಹೆಸರೆತ್ತಿದರೂ ಅದಕ್ಕೊಂದು ರೋಗದ ಹೆಸರು ಅಂಟಿಸಿ ಮಾರುವುದು ರೂಢಿಯಾಗಿದೆ. ಕೆಂಪಕ್ಕಿ ತಿಂದರೆ ರಕ್ತ ಹೆಚ್ಚುತ್ತದೆ ಎಂಬುದು ಅಂಥ ಮಾತು. ಕೆಂಪಕ್ಕಿಯ ಬಣ್ಣ ಕಬ್ಬಿಣಾಂಶದ್ದಲ್ಲ. ತೌಡಿನ ಪದರದಲ್ಲಿರುವ ಒಗರು ದ್ರವ್ಯಗಳದ್ದು. ಆ ದ್ರವ್ಯಗಳಿಗೆ ತಮ್ಮದೇ ಸದ್ಗುಣಗಳಿರಬಹುದು, ಆದರೆ ಅವು ಕಬ್ಬಿಣಾಂಶವನ್ನು ಕರುಳು ಹೀರದಂತೆ ಒಂದಿಷ್ಟು ತಡೆಯುವಂಥವೇ ಹೊರತು ಹೆಚ್ಚಿಸುವಂಥವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ತಾಯಂದಿರಿಗೆ ಕೆಂಪಕ್ಕಿ ತಿನ್ನಿರಿ, ಸಾಕು ಎಂದು ಹೇಳಿ ಕಳುಹಿಸುವುದು ಅನ್ಯಾಯ. ಅವರಿಗೆ ಬೇಕಾದದ್ದು ಸೊಪ್ಪು, ಕಾಳು, ಅದರೊಡನೆ ನಿಂಬೆಹುಳಿ, ಮತ್ತು ವೈದ್ಯರು ಹೇಳಿದ ಕಬ್ಬಿಣದ ಮಾತ್ರೆ.

ಸಕ್ಕರೆ ಕಾಯಿಲೆಯ ವಿಷಯವೂ ಹಾಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ನಮ್ಮ ಭಕ್ತವೃಂದದಲ್ಲಿಯೂ ಈ ಕಾಯಿಲೆ ಇಲ್ಲದ ಮನೆ ವಿರಳ. ಪಾಲಿಶ್ ಮಾಡದ ಅಕ್ಕಿಯಲ್ಲಿ ನಾರು ಹೆಚ್ಚು, ಅಗಿಯಬೇಕಾದ ಶ್ರಮ ಹೆಚ್ಚು, ಬೇಗ ಹೊಟ್ಟೆ ತುಂಬಿದ ಭಾವ ಬರುತ್ತದೆ. ಬಿಳಿ ಅನ್ನಕ್ಕಿಂತ ರಕ್ತದ ಸಕ್ಕರೆ ತುಸು ನಿಧಾನವಾಗಿ ಏರುತ್ತದೆ. ಇಷ್ಟು ನಿಜ. ಆದರೆ ಅಕ್ಕಿ ಅಕ್ಕಿಯೇ. ಒಂದು ಬಟ್ಟಲು ಕೆಂಪನ್ನದ ಪಿಷ್ಟ ಒಂದು ಬಟ್ಟಲು ಬಿಳಿಯನ್ನದ ಪಿಷ್ಟಕ್ಕಿಂತ ಬಹಳವೇನೂ ಕಡಿಮೆಯಲ್ಲ. ಕೆಂಪಕ್ಕಿಯೆಂದು ಎರಡು ಸಲ ಬಡಿಸಿಕೊಂಡು, ಮಾತ್ರೆ ಬಿಟ್ಟು, ಕಾಲಿನ ಹುಣ್ಣು ಮಾಡಿಕೊಂಡು ಬಂದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೂತ್ರಪಿಂಡದ ತೊಂದರೆಯಿರುವವರಂತೂ ತೌಡು ಉಳಿಸಿದ ಅಕ್ಕಿಯಲ್ಲಿ ರಂಜಕ, ಪೊಟ್ಯಾಸಿಯಂಗಳು ಹೆಚ್ಚಿರುವುದರಿಂದ ವೈದ್ಯರನ್ನು ಕೇಳಿಯೇ ಬಳಸಬೇಕು.

ಹಾಗಾದರೆ ಇದರ ಹಿರಿಮೆಯೇನು? ತೌಡು ಉಳಿದಿರುವುದೇ ಹಿರಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು, ಪಾಲಿಶ್ ಅಕ್ಕಿಯನ್ನಷ್ಟೇ ತಿಂದ ಕೋಳಿಗಳು ಕಾಲು ಬಿದ್ದು ನರಳುವುದನ್ನೂ ತೌಡು ಸೇರಿದ ಅಕ್ಕಿ ಕೊಟ್ಟಾಗ ಚೇತರಿಸುವುದನ್ನೂ ಕಂಡರು. ಬೆರಿಬೆರಿ ಎಂಬ ರೋಗದ ಮೂಲ ಹೀಗೆ ತಿಳಿಯಿತು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು. ನಾವು ಗಿರಣಿಗೆ ಹಣ ಕೊಟ್ಟು ತೆಗೆಸುವುದು ಅದೇ ತೌಡನ್ನು. ಆಮೇಲೆ ಅಂಗಡಿಯಿಂದ ಬಿ ಜೀವಸತ್ವದ ಗುಳಿಗೆ ತರುತ್ತೇವೆ.

ಜೋಳ, ಸಜ್ಜೆ, ನವಣೆಗಳ ನಾಡಿನವರು ಅವನ್ನು ಬಿಟ್ಟು ಕಗ್ಗವನ್ನು ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಮೂರ್ಖತನ. ರೊಟ್ಟಿಯ ಜಾಗದಲ್ಲಿ ರೊಟ್ಟಿಯೇ ಇರಲಿ. ಆದರೆ ರೊಟ್ಟಿ ಮುಗಿದ ಮೇಲೆ ಬಡಿಸಿಕೊಳ್ಳುವ ಮಲ್ಲಿಗೆಯಂಥ ಬಿಳಿಯನ್ನವಿದೆಯಲ್ಲ, ವಾರದಲ್ಲಿ ಒಂದೆರಡು ಸಲ ಅದರ ಜಾಗಕ್ಕೆ ಇದು ಬರಬಹುದು. ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಎಂದಿಗಿಂತ ಹೆಚ್ಚು ನೀರಿಟ್ಟು ನಿಧಾನವಾಗಿ ಬೇಯಿಸಬೇಕು. ಕರಾವಳಿಯಲ್ಲಿ ಗಂಜಿಯೇ ಇದರ ಸಹಜ ರೂಪ. ನಮ್ಮವರಿಗೆ ಒಗ್ಗುವುದು ನುಚ್ಚು: ಅಕ್ಕಿಯನ್ನು ಒಡೆಸಿ, ಜೋಳದ ನುಚ್ಚಿನಂತೆಯೇ ಮೆತ್ತಗೆ ಬೇಯಿಸಿ ಮಜ್ಜಿಗೆಯೊಡನೆ ಉಂಡರೆ ಮುದುಕರಿಗೂ ಹಲ್ಲು ನೋಯದು. ಗಂಜಿಗೆ ಉಪ್ಪು, ಉಪ್ಪಿನಕಾಯಿ ಎರಡನ್ನೂ ಧಾರಾಳವಾಗಿ ಹಾಕಿಕೊಳ್ಳುವ ಚಟ ಮಾತ್ರ ಬೇಡ; ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನೊಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಮುದ್ರದ ಉಪ್ಪನ್ನು ಪೈರು ಅಷ್ಟು ಕಷ್ಟಪಟ್ಟು ತಡೆದು ಕೊಟ್ಟ ಮೇಲೆ ನಾವು ಚಮಚದಿಂದ ಸುರಿದುಕೊಳ್ಳುವುದು ತರವಲ್ಲ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಈ ಅಕ್ಕಿ ಬಹುಕಾಲ ಇಟ್ಟರೆ ಕಮಟು ವಾಸನೆ ಹಿಡಿಯುತ್ತದೆ. ಭತ್ತವಾಗಿಯೇ ಇಟ್ಟುಕೊಂಡು ಬೇಕಾದಷ್ಟನ್ನೇ ಹೊಟ್ಟು ಬಿಡಿಸಿಕೊಳ್ಳುವುದು ಲೇಸು.

ಮೂರನೆಯ ಪ್ರಶ್ನೆ ಕೇಳಿದವರು ತುಂಗಭದ್ರಾ ಕಾಲುವೆಯ ಕೆಳಗೆ ಹೊಲವಿರುವ ರೈತರು. ನೀರು ಹೆಚ್ಚಾಗಿ, ನೆಲ ಜವಳಾಗಿ, ಮೇಲೆ ಬಿಳಿ ಉಪ್ಪು ಕಟ್ಟಿದ ಎರೆ ಹೊಲವನ್ನು ನೋಡುತ್ತ ಬದುಕುವವರ ನೋವು ಆ ಪ್ರಶ್ನೆಯಲ್ಲಿತ್ತು. ಆದರೂ ನಮ್ಮ ಉತ್ತರ, ಬೇಡ ಎಂಬುದೇ. ಕಗ್ಗದ ಬಲ ಬೀಜದಲ್ಲಿ ಮಾತ್ರ ಇಲ್ಲ. ಕುಮಟಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿದು ಉಪ್ಪನ್ನು ತೊಳೆಯುವ ಮಳೆಯಲ್ಲಿದೆ, ತೊಳೆದ ಉಪ್ಪನ್ನು ಹೊತ್ತೊಯ್ಯುವ ಇಳಿತದಲ್ಲಿದೆ. ರಾಯಚೂರಿನ ಕಡೆ ಬೀಳುವುದು ಸುಮಾರು 600 ಮಿಲಿಮೀಟರು. ಎರೆಮಣ್ಣು ನೀರನ್ನು ಕೆಳಗೆ ಬಿಡುವುದೇ ಇಲ್ಲ. ಅಲ್ಲಿ ಮೊದಲು ಆಗಬೇಕಾದದ್ದು ಬಸಿಗಾಲುವೆ, ಕಾಲುವೆ ನೀರಿನ ಮಿತಬಳಕೆ. ಸವಳಿಗೆಂದೇ ಸಿದ್ಧಪಡಿಸಿದ ತಳಿಗಳ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳುವುದು ಸರಿಯಾದ ದಾರಿ. ಒಂದು ನೆಲದ ಜಾಣ್ಮೆಯನ್ನು ಇನ್ನೊಂದು ನೆಲಕ್ಕೆ ಕಿತ್ತು ನೆಡುವ ಆತುರದಿಂದ ರೈತರು ಈಗಾಗಲೇ ಸಾಕಷ್ಟು ಕಳೆದುಕೊಂಡಿದ್ದಾರೆ.

ಬೆಳೆಯುವುದು ನಮ್ಮಿಂದಾಗದು, ಉಣ್ಣುವುದು ಆಗುತ್ತದೆ. ಅದು ಸಣ್ಣ ಕೆಲಸವಲ್ಲವೆಂದು ನಾವು ತಿಳಿದಿದ್ದೇವೆ. ಗಜನಿಯಲ್ಲಿ ಕಗ್ಗ ಬಿತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 1990ರ ದಶಕದಲ್ಲಿ ಕರಾವಳಿಯುದ್ದಕ್ಕೂ ಸೀಗಡಿ ಸಾಕಣೆಯ ಹಣದ ಹೊಳೆ ಹರಿದು, ಭತ್ತದ ಗದ್ದೆಗಳೆಷ್ಟೋ ವರ್ಷವಿಡೀ ಉಪ್ಪುನೀರಿನ ಹೊಂಡಗಳಾದವು. ಬಿಳಿಚುಕ್ಕೆ ರೋಗ ಬಂದು ಸೀಗಡಿಯೂ ಸತ್ತಿತು; 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ಸೀಗಡಿ ಹೊಂಡಗಳಿಗೆ ಕಡಿವಾಣ ಹಾಕುವ ತೀರ್ಪನ್ನೂ ಕೊಟ್ಟಿತು. ಆದರೆ ಒಡ್ಡು ಕಾಯುವ ರೂಢಿ ಒಮ್ಮೆ ತಪ್ಪಿದರೆ ಮರಳುವುದು ಕಷ್ಟ. ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಒಡ್ಡು ಎಲ್ಲರದು, ತೂಬು ಎಲ್ಲರದು, ಒಂದು ಕಡೆ ಒಡೆದರೆ ನೂರಾರು ಎಕರೆಗೆ ಉಪ್ಪುನೀರು. ಬಿತ್ತುವವರು ಹತ್ತು ಮನೆಗೆ ಇಳಿದರೆ ಒಡ್ಡು ಕಟ್ಟಲು ಕೈ ಸಾಲದು. ಭತ್ತದ ಬೀಜವೋ, ವರ್ಷ ವರ್ಷ ಬಿತ್ತಿದರೆ ಉಳಿಯುವಂಥದು. ಕೆಲವೇ ವರ್ಷ ಬಿತ್ತದೆ ಬಿಟ್ಟರೆ ಕಣಜದಲ್ಲಿಯೇ ಸಾಯುತ್ತದೆ. ಶೀತಲ ಬೀಜಭಂಡಾರದಲ್ಲಿ ಒಂದು ಹಿಡಿ ಉಳಿದರೂ, ಯಾವ ದಿನ ತೂಬು ಎತ್ತಬೇಕೆಂಬ ಅರಿವನ್ನು ಯಾವ ಭಂಡಾರದಲ್ಲಿಡುವುದು?

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ಜೌಗು ಪ್ರದೇಶವೆಂದು ಘೋಷಿಸಲಾಯಿತು. ಅದೇ ಸಲ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಆ ಮನ್ನಣೆ ದೊರೆಯಿತು. ಮಾಗಡಿ ಕೆರೆಗೆ ಬರುವ ಬಾತುಗಳನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ನಾವು, ಆ ಕೆರೆಯ ಸಹೋದರಿಯಾದ ಅಳಿವೆಯಲ್ಲಿ ಬೆಳೆಯುವ ಅನ್ನವನ್ನೂ ಗುರುತಿಸಬಹುದು. ಘೋಷಣೆಯು ಹಕ್ಕಿಗೆ ರಕ್ಷಣೆ ಕೊಟ್ಟೀತು. ಭತ್ತಕ್ಕೆ ಗಿರಾಕಿ ಬೇಕು. ಇಳುವರಿ ಕಡಿಮೆ, ದುಡಿಮೆ ಹೆಚ್ಚು; ಆದುದರಿಂದ ಬೆಲೆ ಸೋನಾ ಮಸೂರಿಗಿಂತ ಮೇಲಿದ್ದರೆ ಚೌಕಾಸಿ ಮಾಡುವುದು ಸಲ್ಲದು.

ನಮ್ಮ ಪ್ರಸ್ತಾವ ಇಷ್ಟೆ. ಪ್ರತಿ ಹುಣ್ಣಿಮೆಯ ದಾಸೋಹದಲ್ಲಿ ಒಂದು ಪಾತ್ರೆಯಷ್ಟು ಕಗ್ಗದ ನುಚ್ಚು ಇರಲಿ ಎಂದು ಶ್ರೀಮಠದ ಉಗ್ರಾಣದವರಲ್ಲಿ ವಿನಂತಿಸಿಕೊಂಡಿದ್ದೇವೆ. ಒಂದು ವರ್ಷ ಮಾಡಿ ನೋಡೋಣವೆಂದು ಅವರು ಒಪ್ಪಿದ್ದಾರೆ. ಮನೆಗೂ ಬೇಕೆನ್ನುವ ಭಕ್ತರು ಭಾದ್ರಪದ ಮುಗಿಯುವುದರೊಳಗೆ ಎಷ್ಟು ಸೇರು ಬೇಕೆಂದು ಕಾರ್ಯಾಲಯದಲ್ಲಿ ಬರೆಸಿದರೆ, ಕೊಯ್ಲಿಗೆ ಮುಂಚೆಯೇ ಅಲ್ಲಿಯ ಬೆಳೆಗಾರರಿಗೆ ಒಟ್ಟು ಲೆಕ್ಕ ತಿಳಿಸಬಹುದು. ಮಾರಾಟ ಖಚಿತವೆಂದು ಮೊದಲೇ ಗೊತ್ತಾದರೆ ಮುಂದಿನ ಬೇಸಿಗೆಯಲ್ಲಿ ಗುಡ್ಡೆ ಮಾಡಲು ಇನ್ನೂ ಒಂದೆರಡು ಮನೆಯವರು ಗುದ್ದಲಿ ಹಿಡಿದಾರು. ಅಂದ ಹಾಗೆ, ಹುಡುಗರ ಪಂಕ್ತಿಗೆ ನುಚ್ಚಿನೊಡನೆ ಸ್ವಲ್ಪ ಬೆಲ್ಲ, ತುಪ್ಪ ಬಡಿಸಬೇಕೆಂದು ಅಡುಗೆಯವರು ಈಗಲೇ ಸೂಚಿಸಿದ್ದಾರೆ.