ಹಳ್ಳದಲ್ಲಿ ಕೊಚ್ಚಿಹೋದ ಅನಿಲ ಕೊಳವೆಯ ಮೇಲ್ಮಣ್ಣು: ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ನವದೆಹಲಿ.

ವಿಷಯ: ಹಳ್ಳ ದಾಟುವಲ್ಲಿ ಕೊಳವೆಯ ಮೇಲಿನ ಮಣ್ಣನ್ನು ಮುಂಗಾರಿಗೆ ಮೊದಲು ಭದ್ರಪಡಿಸುವ ಕುರಿತು.

ಮಾನ್ಯರೇ,

ಅಧಿಕ ಒತ್ತಡದ ನೈಸರ್ಗಿಕ ಅನಿಲ ಕೊಳವೆ ಹಾದುಹೋಗಿರುವ ಕರ್ನಾಟಕದ ಗ್ರಾಮವೊಂದರ ಭೂಮಾಲೀಕರೂ ಮಾರ್ಗದ ಬದಿಯ ನಿವಾಸಿಗಳೂ ಈ ಮನವಿಯ ಅರ್ಜಿದಾರರು. ಕೊಳವೆಯ ಮೇಲೆ ಸಾಮಾನ್ಯ ನೆಲದಲ್ಲಿ ಕನಿಷ್ಠ 1 ಮೀಟರ್, ಹಳ್ಳ ದಾಟುವಲ್ಲಿ ಅದಕ್ಕೂ ಹೆಚ್ಚು ಮಣ್ಣಿನ ಹೊದಿಕೆ ಇರಬೇಕೆಂಬುದು ಮಂಡಳಿಯದೇ ನಿಯಮವಾದ್ದರಿಂದ ಅದನ್ನು ಇಲ್ಲಿ ವಿವರಿಸಬೇಕಿಲ್ಲ. ಆದರೆ ಎರಡು ಮಳೆಗಾಲಗಳ ನೆರೆಯಲ್ಲಿ ಊರಿನ ಹಳ್ಳದ ದಡ ಕುಸಿದು, ಮರಳು ತುಂಬುವ ಟ್ರ್ಯಾಕ್ಟರುಗಳೂ ಜೆಸಿಬಿಗಳೂ ಅಲ್ಲಿಯೇ ಇಳಿಯತೊಡಗಿದ ಮೇಲೆ ಈಗ ಕೊಳವೆಯ ಮೇಲೆ ಒಂದು ಮೊಳ ಮಣ್ಣೂ ಉಳಿದಿಲ್ಲ. ಎಚ್ಚರಿಕೆಯ ಕಂಬ ಹಳ್ಳದೊಳಗೆ ಮಗುಚಿ ಬಿದ್ದಿದೆ. ಗ್ರಾಮ ಪಂಚಾಯಿತಿಯ ಠರಾವು, ಎರಡೂ ಮಳೆಗಾಲಗಳ ಛಾಯಾಚಿತ್ರಗಳು, ಗ್ರಾಮ ನಕ್ಷೆ, ಪಹಣಿಗಳು ಮತ್ತು ಕೊಳವೆ ನಿರ್ವಾಹಕರಿಗೆ ಕೊಟ್ಟ ಮೂರು ಮನವಿಗಳ ಪ್ರತಿಗಳನ್ನು ಲಗತ್ತಿಸಲಾಗಿದೆ. ಆ ಮೂರಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆಯೇ ಹೊರತು ಸ್ಥಳಕ್ಕೆ ಯಾರೂ ಬಂದಿಲ್ಲ ಎಂಬುದನ್ನು ವಿನಯದಿಂದಲೇ ದಾಖಲಿಸಬೇಕಾಗಿದೆ.

ಕೊಳವೆ ಮಾರ್ಗಗಳಿಗೆ ಸಂಬಂಧಿಸಿದ 1962ರ ಕಾಯ್ದೆಯಂತೆ ಈ ಜಮೀನುಗಳಲ್ಲಿ ಪಡೆದಿರುವುದು ಬಳಕೆಯ ಹಕ್ಕು ಮಾತ್ರ, ಅಂದರೆ ಒಡೆತನ ರೈತನಲ್ಲೇ ಉಳಿದು, ನೆಲದಡಿ ಕೊಳವೆ ಇಟ್ಟು ನೋಡಿಕೊಳ್ಳುವ ಅಧಿಕಾರ ನಿರ್ವಾಹಕರಿಗೆ ಸಿಕ್ಕಿದೆ. ಆ ಕಾಯ್ದೆಯ 9ನೇ ಕಲಮನ್ನು ಮಾನ್ಯ ಮಾಡಿ ಅರ್ಜಿದಾರರು ಕೊಳವೆ ಹಾದಿರುವ ನೆಲದ ಪಟ್ಟಿಯಲ್ಲಿ ಮನೆ ಕಟ್ಟಿಲ್ಲ, ಬಾವಿ ತೋಡಿಲ್ಲ, ಒಂದು ತೆಂಗಿನ ಸಸಿಯನ್ನೂ ನೆಟ್ಟಿಲ್ಲ. ಹೀಗಿರುವಾಗ ಅದೇ ಕೊಳವೆಯನ್ನು ಹಳ್ಳದ ಪಾಲಿಗೆ ಬಿಟ್ಟಿರುವುದನ್ನು ಇನ್ನು ಸಹಿಸಲಾಗದು. ಕೊಳವೆ ಒಡೆದರೆ ಏನಾಗುತ್ತದೆಂಬುದಕ್ಕೆ ನಿದರ್ಶನವಿದೆ: 2014ರ ಜೂನ್ 27ರಂದು ಆಂಧ್ರಪ್ರದೇಶದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ, ಒಣ ಅನಿಲಕ್ಕೆಂದು ಹಾಕಿದ್ದ ಕೊಳವೆಯಲ್ಲಿ ತೇವಾಂಶವಿದ್ದ ಅನಿಲ ಹರಿದು, ಉಕ್ಕು ಸವೆದು ಸ್ಫೋಟವಾದಾಗ 20ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಅಲ್ಲಿನ ಕಾರಣ ಬೇರೆಯಾದರೂ ಕೊಳವೆಯ ಪಕ್ಕದ ಮನೆಗಳು ಅಲ್ಲಿಯೂ ಇಂಥವೇ ಆಗಿದ್ದವು.

ಆದುದರಿಂದ ಮಂಡಳಿಯು ಸ್ಥಳ ತನಿಖೆ ಮಾಡಿಸಿ, ದಡಕ್ಕೆ ಕಲ್ಲು ಕಟ್ಟಿಸಿ, ಹೊದಿಕೆ ಮಣ್ಣನ್ನು ನಿಯಮದ ಮಟ್ಟಕ್ಕೆ ತುಂಬಿಸಬೇಕು. ಕೊಳವೆಯ ಹೊರಲೇಪ ಹರಿದಿದೆಯೇ ಎಂಬುದನ್ನೂ, ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಉಕ್ಕಿಗೆ ತುಕ್ಕು ಹಿಡಿಯದಂತೆ ತಡೆಯುವ ಕ್ಯಾಥೋಡಿಕ್ ರಕ್ಷಣೆ ಅಲ್ಲಿ ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ, ಆ ವರದಿಯ ಪ್ರತಿಯನ್ನು ಕನ್ನಡದಲ್ಲಿ ಪಂಚಾಯಿತಿಗೆ ಕೊಡಿಸಬೇಕು. ಕೊಳವೆ ಹಾಕಿದ ಮೇಲೆ ಬದಿಯಲ್ಲಿ ಮನೆಗಳು ಹೆಚ್ಚಿರುವುದರಿಂದ ಸ್ಥಳ ವರ್ಗವನ್ನು, ಅಂದರೆ ಸುತ್ತಲಿನ ಮನೆಗಳ ಎಣಿಕೆಯ ಮೇಲೆ ಒತ್ತಡದ ಮಿತಿಯನ್ನು ನಿರ್ಧರಿಸುವ ವಿಂಗಡಣೆಯನ್ನು, ಮರುಪರಿಶೀಲಿಸಬೇಕು.

ಬಳಕೆ ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇಕಡ 10ರಷ್ಟೇ ಪರಿಹಾರ ಸಾಲದೆಂಬುದು, ಗಸ್ತು ಕೆಲಸಕ್ಕೆ ಊರಿನ ಯುವಕರನ್ನೇ ತೆಗೆದುಕೊಳ್ಳಬೇಕೆಂಬುದು, ತುರ್ತು ದೂರವಾಣಿ ಸಂಖ್ಯೆಯ ಫಲಕ ಬೇಕೆಂಬುದು ಉಳಿದ ಕೋರಿಕೆಗಳು. ದಡ ಕಟ್ಟಿಸುವಾಗಲೇ ಹಳ್ಳದಾಚೆ ಅಡಿಕೆ ತೋಟವಿರುವ ಮೂವರು ಅರ್ಜಿದಾರರ ಗಾಡಿ ದಾರಿಗೆ ಒಂದು ಮೋರಿಯನ್ನೂ ಹಾಕಿಸಿಕೊಡಬೇಕೆಂದು ಕೋರಲಾಗಿದೆ.

ಇಂತಿ,
ಅರ್ಜಿದಾರ ಭೂಮಾಲೀಕರು ಮತ್ತು ನಿವಾಸಿಗಳು