ಹಿತ್ತಲ ಗಿಡವೂ ಮದ್ದೇ ಹೌದು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕೈಗೆಟಕುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರವನ್ನು ಸೇರಿದ ನಮ್ಮಂಥವರ ಪಾಲಿಗೆ ಗಿಡ ಮದ್ದೋ ಅಲ್ಲವೋ ಎಂಬ ಪ್ರಶ್ನೆ ಏಳುವ ಮೊದಲೇ ಹಿತ್ತಲು ಕಳೆದುಹೋಗಿತ್ತು.

ಊರಿನ ಮನೆಯ ಹಿಂಬದಿಯನ್ನು ಒಮ್ಮೆ ನೆನೆಯೋಣ. ಬಚ್ಚಲ ನೀರು ಹರಿಯುವಲ್ಲಿ ಬಾಳೆಯ ಬುಡ, ಬಾವಿಕಟ್ಟೆಯ ಪಕ್ಕದಲ್ಲಿ ಬಸಳೆಯ ಚಪ್ಪರ, ಬೇಲಿಯ ಮೇಲೆ ತೊಂಡೆ, ಮೂಲೆಯಲ್ಲೊಂದು ನುಗ್ಗೆ, ಕಾಲಡಿಯಲ್ಲಿ ಒಂದೆಲಗ. ಅದನ್ನು ಯಾರೂ ಉದ್ಯಾನವೆಂದು ಕರೆಯಲಿಲ್ಲ. ಅದಕ್ಕಾಗಿ ಯಾರೂ ಹಣ ವ್ಯಯಿಸಲಿಲ್ಲ. ಅಲ್ಲಿಂದ ಹೊರಟ ನಾವು ಕೋಟೆ ಪರಿಸರದ ಕ್ಯಾಂಟೀನುಗಳಲ್ಲಿ ಮಲಗಿದೆವು, ಚಾಳಿನ ಖೋಲಿಗಳಲ್ಲಿ ಸಂಸಾರ ಹೂಡಿದೆವು. ಗ್ಯಾಲರಿಯ ಕಟಕಟೆಯ ಮೇಲೆ ಎಣ್ಣೆ ಡಬ್ಬಿಯಲ್ಲಿ ನೆಟ್ಟ ತುಳಸಿಯೇ ನಮ್ಮ ಹಿತ್ತಲಾಯಿತು. ಅನಂತರ ಡೊಂಬಿವಲಿ, ಕಲ್ಯಾಣಗಳಿಗೆ ಹೋದೆವು. ಈಚಿನ ದಶಕಗಳಲ್ಲಿ ನಮ್ಮವರ ಹಲವು ಕುಟುಂಬಗಳು ಠಾಣೆಯ ಘೋಡಬಂದರ್ ರಸ್ತೆಗೆ ಬಂದು ನೆಲೆಸಿವೆ.

ಈ ರಸ್ತೆಯ ಒಂದು ಪಾರ್ಶ್ವದಲ್ಲಿ ಯೇವೂರಿನ ಗುಡ್ಡಗಳು, ಅದರಾಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಇನ್ನೊಂದು ಪಾರ್ಶ್ವದಲ್ಲಿ ಉಲ್ಹಾಸ ನದಿಯ ಖಾಡಿ. ನಡುವೆ ಮಾನಪಾಡಾದಿಂದ ಓವಳೆಯವರೆಗೆ ಮುಗಿಲೆತ್ತರದ ಕಟ್ಟಡಗಳು, ಹಗಲಿರುಳು ಓಡುವ ಕಂಟೇನರ್ ಲಾರಿಗಳು ಮತ್ತು ಅವು ಎಬ್ಬಿಸುವ ಧೂಳು. ಕಟ್ಟಡದ ಗೋಡೆಗೂ ಆವರಣದ ಗೋಡೆಗೂ ನಡುವೆ ಎಂಟು ಹತ್ತು ಅಡಿಗಳ ಒಂದು ಪಟ್ಟಿ ಬರಿದಾಗಿ ಬಿದ್ದಿರುವುದನ್ನು ಅನೇಕ ಸೊಸೈಟಿಗಳಲ್ಲಿ ಕಾಣಬಹುದು. ಅಲ್ಲಿ ಮುರಿದ ಕುರ್ಚಿ, ಹಳೆಯ ಕಮೋಡು, ಕಟ್ಟಡ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು. ಆ ಪಟ್ಟಿಯ ಕುರಿತೇ ಈ ಲೇಖನ.

ನಿವೃತ್ತನಾಗಿ ನೆಲಮಹಡಿಯ ಮನೆಗೆ ಬಂದಾಗ ನನ್ನ ಅಡಿಗೆಕೋಣೆಯ ಬಾಗಿಲು ಅಂಥದೊಂದು ಪಟ್ಟಿಗೆ ತೆರೆಯುತ್ತಿತ್ತು. ಉದ್ದ ಮೂವತ್ತು ಅಡಿ, ಅಗಲ ಒಂಬತ್ತು ಅಡಿ. ಆಳನ್ನು ಕರೆಯದೆ ನನ್ನ ಕೈಯಿಂದಲೇ ಅದನ್ನು ಹಿತ್ತಲಾಗಿ ಮಾಡಬೇಕೆಂದು ಹಟ ಹಿಡಿದೆ. ಫಲವನ್ನು ಹೇಳುವ ಮೊದಲು ನಾನು ಮಾಡಿದ ಮೂರು ತಪ್ಪುಗಳನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲನೆಯದು ಸಿಮೆಂಟಿನ ಮೋಹ. ಸ್ವಚ್ಛವಾಗಿರಲೆಂದು ಇಡೀ ಪಟ್ಟಿಗೆ ಗಾರೆ ಬಳಿದು ಅಂಚಿನಲ್ಲಿ ಕುಂಡಗಳನ್ನು ಸಾಲಾಗಿಟ್ಟೆ. ಠಾಣೆಯಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಎರಡು ಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನೆಲ ಕುಡಿಯಬೇಕಾಗಿದ್ದ ನೀರು ಕುಡಿಯಲು ನೆಲವಿಲ್ಲದೆ ಬಾಗಿಲ ಸಂದಿಯಿಂದ ಅಡಿಗೆಮನೆಗೆ ನುಗ್ಗಿತು. 'ನೀವು ಕಟ್ಟಿದ್ದು ಹಿತ್ತಲಲ್ಲ, ಮೋರಿ' ಎಂದು ನನ್ನಾಕೆ ಅಂದದ್ದರಲ್ಲಿ ಅತಿಶಯೋಕ್ತಿಯಿರಲಿಲ್ಲ.

ಎರಡನೆಯದು ಬೀಗದ ಮೋಹ. ಕಬ್ಬಿಣದ ಜಾಳಿಗೆ ಹಾಕಿ, ಬಾಗಿಲಿಟ್ಟು, ಬೀಗ ಜಡಿದೆ. ವಾರ್ಷಿಕ ಸಭೆಯಲ್ಲಿ ಮೂರನೆಯ ಮಹಡಿಯ ಮರಾಠಿ ಹೆಣ್ಣುಮಗಳೊಬ್ಬಳು ಎದ್ದು, 'ಕಾಕಾ, ಆ ಜಾಗದ ಮೆಂಟೆನನ್ಸ್ ನಾವೂ ಕೊಡುತ್ತೇವಲ್ಲ?' ಎಂದು ಶಾಂತವಾಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬಾಗಿಲು ಆ ಕಡೆಗೆ ತೆರೆಯುತ್ತದೆಂಬ ಮಾತ್ರಕ್ಕೆ ಜಾಗ ನಮ್ಮದಾಗದು. ಸೊಸೈಟಿಯ ಸಾಮಾನ್ಯ ಸ್ಥಳಗಳನ್ನು ಬಿಲ್ಡರನು ಬಿಡಿಯಾಗಿ ಮಾರಲಾರನೆಂದು ದಹಿಸರದ ಸೊಸೈಟಿಯೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ತೀರ್ಪಿತ್ತಿದೆ. ಮಾರಲು ಬಾರದ್ದನ್ನು ಬೀಗ ಹಾಕಿ ನುಂಗಲು ಬಂದೀತೇ?

ಮೂರನೆಯದನ್ನು ಬರೆಯುವಾಗ ಇಂದಿಗೂ ಕೈ ನಡುಗುತ್ತದೆ. ಗಿಡಗಳಿಗೆಂದು ಮಳೆನೀರು ಹಿಡಿದಿಟ್ಟ ಪೀಪಾಯಿಗೆ ಮುಚ್ಚಳವಿರಲಿಲ್ಲ. ಕುಂಡಗಳ ಕೆಳಗಿನ ತಟ್ಟೆಗಳಲ್ಲೂ ನೀರು ನಿಂತಿತ್ತು. ಸಪ್ಟೆಂಬರದಲ್ಲಿ ಏಳು ವರ್ಷದ ಮೊಮ್ಮಗನಿಗೆ ಡೆಂಗಿ ಜ್ವರ ಬಂದು ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ಮಗು ಗುಣಮುಖವಾಯಿತು. ಆದರೆ ಪೀಪಾಯಿಯಲ್ಲಿ ಕುಣಿಯುತ್ತಿದ್ದ ಹುಳುಗಳನ್ನು ಕಂಡ ಮೇಲೆ ಆ ಜ್ವರವನ್ನು ಸಾಕಿದವನು ನಾನೇ ಇರಬಹುದೆಂಬ ಕೊರಗು ನನ್ನನ್ನು ಬಿಟ್ಟಿಲ್ಲ. ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಏಳರಿಂದ ಹತ್ತು ದಿನ ಸಾಕು. ಅದರ ಮೊಟ್ಟೆ ನೀರಂಚಿನ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕಬಲ್ಲುದು. ಆದುದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಬೇಕು.

ಇನ್ನು ತಿದ್ದಿಕೊಂಡ ಬಗೆಯನ್ನು ಹೇಳುತ್ತೇನೆ. ಸೊಸೈಟಿಯ ಲಿಖಿತ ಅನುಮತಿ ಪಡೆದು, ಜಾಳಿಗೆ ಕಿತ್ತು, ಪಿಕ್ಕಾಸು ಹಿಡಿದು ನಾನೇ ಹಾಕಿದ ಗಾರೆಯನ್ನು ನಾನೇ ಒಡೆದೆ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಹಿಡಿಯಿತು. ಕಟ್ಟಡದ ಗೋಡೆಯಿಂದ ಎರಡು ಅಡಿ ಬಿಟ್ಟು ಹಳೆಯ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಜೋಡಿಸಿ ಒಂದಡಿ ಎತ್ತರದ ಪಾತಿ ಕಟ್ಟಿದೆ. ಗೋಡೆಗೆ ಮಣ್ಣು ತಾಗಿದರೆ ತೇವವೂ ಗೆದ್ದಲೂ ಒಳಗೆ ಬರುತ್ತವೆ. ತಳದಲ್ಲಿ ಇಟ್ಟಿಗೆ ಚೂರು, ಅದರ ಮೇಲೆ ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ ಮಿಶ್ರಣ. ತೂತು ಕೊರೆದ ಡ್ರಮ್ಮಿನಲ್ಲಿ ಅಡಿಗೆಮನೆಯ ಸಿಪ್ಪೆಗೆ ಒಣ ಎಲೆ ಸೇರಿಸುತ್ತ ಬಂದರೆ ಎರಡು ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಬಿದಿರು ಮತ್ತು ತೆಂಗಿನ ಹಗ್ಗದಿಂದ ಏಳಡಿ ಎತ್ತರದ ಚಪ್ಪರ ಕಟ್ಟಿ, ಊರಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ಬಳ್ಳಿಯನ್ನು ಮೊದಲ ಮಳೆಗೆ ನೆಟ್ಟೆ. ಹಿಂದೆಯೇ ಕೆಸು, ಕರಿಬೇವು, ದೊಡ್ಡಪತ್ರೆ, ಒಂದೆಲಗ, ನಿಂಬೆ.

ಇದರಿಂದ ಆರೋಗ್ಯಕ್ಕೇನು ಲಾಭವೆಂದು ಕೇಳಬಹುದು. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಮರಳಿದರೆ, ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗೆ 8.70 ದಿನ ಹಿಡಿಯಿತು. ಮೊದಲಿನವರಿಗೆ ತೀವ್ರ ನೋವು ನಿವಾರಕಗಳೂ ಕಡಿಮೆ ಸಾಕಾದವು. ನೆದರ್‌ಲ್ಯಾಂಡಿನಲ್ಲಿ 30 ಮಂದಿ ತೋಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನಸ್ಸಿಗೆ ಒತ್ತಡ ತರುವ ಕೆಲಸ ಕೊಟ್ಟ ಮೇಲೆ ಅರ್ಧ ಗಂಟೆ ತೋಟದಲ್ಲಿ ದುಡಿದವರ ಕಾರ್ಟಿಸಾಲ್ ಮಟ್ಟ, ಅಷ್ಟೇ ಹೊತ್ತು ಒಳಗೆ ಕುಳಿತು ಓದಿದವರದಕ್ಕಿಂತ ಹೆಚ್ಚು ಇಳಿಯಿತು. ಇವು ಸಣ್ಣ ಅಧ್ಯಯನಗಳೇ ಸರಿ. ಆದರೂ ನಿವೃತ್ತಿಯ ಬಳಿಕ ದೂರದರ್ಶನದ ಮುಂದೆ ಕುಳಿತೇ ಮುಪ್ಪಡರುತ್ತಿರುವ ನನ್ನ ಸಮವಯಸ್ಕರು ಇವನ್ನು ಗಮನಿಸಬೇಕು.

ಹಾಗೆಂದು ಹಿತ್ತಲ ಗಿಡವನ್ನು ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಕೊರೋನಾ ಕಾಲದಲ್ಲಿ ನಮ್ಮವರು ಅಮೃತಬಳ್ಳಿಯ ಕಷಾಯವನ್ನು ಬೇಕಾಬಿಟ್ಟಿ ಕುಡಿದರು. ಅದನ್ನು ಸೇವಿಸಿದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ವೈದ್ಯರನ್ನು ಕೇಳದೆ ಕುಡಿಯದಿರುವುದೇ ಲೇಸು. ಮೂತ್ರಪಿಂಡದಲ್ಲಿ ಕಲ್ಲಾಗುವವರು ಆಕ್ಸಲೇಟ್ ಅಧಿಕವಿರುವ ಬಸಳೆಯನ್ನು ಮಿತವಾಗಿ ತಿನ್ನಬೇಕು. ಕೆಸುವಿನೆಲೆಯನ್ನು ಹುಣಸೆ ಬೆರೆಸಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುವುದು ತಪ್ಪದು. ಕಣಗಿಲೆ ವಿಷಗಿಡವಾದ್ದರಿಂದ ಮಕ್ಕಳಿರುವೆಡೆ ಬೇಡ. ಮಣ್ಣಿನ ಕೆಲಸಕ್ಕಿಳಿಯುವವರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಇಲಿಗಳು ಓಡಾಡುವ ಮಳೆಗಾಲದ ಕೆಸರಿನಲ್ಲಿ ಕೈಚೀಲ, ಬೂಟು ಇಲ್ಲದೆ ಇಳಿಯಬಾರದು.

ನಮ್ಮ ರಸ್ತೆಯಲ್ಲೇ ಒಂದು ಮೇಲ್ಪಂಕ್ತಿಯಿದೆ. ಓವಳೆ ಗ್ರಾಮದಲ್ಲಿ ರಾಜೇಂದ್ರ ಓವಳೇಕರ್ ಎಂಬ ಶಾಲಾ ಶಿಕ್ಷಕರು ತಮ್ಮ ಕುಟುಂಬದ ಸುಮಾರು ಎರಡು ಎಕರೆ ಜಮೀನನ್ನು ಚಿಟ್ಟೆಗಳ ತೋಟವನ್ನಾಗಿ ಮಾಡಿದರು. ಬಲೆಯಿಲ್ಲ, ಪಂಜರವಿಲ್ಲ, ಮರಿಹುಳುಗಳಿಗೆ ಬೇಕಾದ ಗಿಡಗಳನ್ನೂ ಮಧುವಿರುವ ಹೂಗಳನ್ನೂ ನೆಟ್ಟು ಬೆಳೆಸಿದರು, ಚಿಟ್ಟೆಗಳು ತಾವಾಗಿ ಬಂದವು. ಸುತ್ತಲೂ ಭೂಮಿ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿರುವಾಗ ಒಬ್ಬ ಶಿಕ್ಷಕರು ಇಂಥ ಕೆಲಸಕ್ಕೆ ಕೈಹಾಕಿದ್ದು ಸಾಮಾನ್ಯವಲ್ಲ. ನನ್ನ ಒಂದೇ ನಿಂಬೆಗಿಡಕ್ಕೂ ಕಪ್ಪುನೀಲಿ ರೆಕ್ಕೆಯ ಬ್ಲೂ ಮಾರ್ಮನ್ ಬಂದು ಮೊಟ್ಟೆಯಿಟ್ಟಿತು. ಮಹಾರಾಷ್ಟ್ರ ಸರಕಾರ 2015ರಲ್ಲಿ ರಾಜ್ಯದ ಚಿಟ್ಟೆಯೆಂದು ಸಾರಿದ್ದು ಅದನ್ನೇ. ಹುಳು ಎಲೆ ತಿಂದಿತೆಂದು ಔಷಧ ಸಿಂಪಡಿಸಲು ಹೊರಟ ನನ್ನನ್ನು ಮೊಮ್ಮಗನೇ ತಡೆದ.

'ಮಾರುಕಟ್ಟೆಯಲ್ಲಿ ಸೊಪ್ಪು ಸಿಗುವಾಗ ಇಷ್ಟೆಲ್ಲ ಪಾಡೇಕೆ?' ಎಂದು ಮಿತ್ರರು ಕೇಳುತ್ತಾರೆ. ಪ್ರಾಮಾಣಿಕವಾಗಿ ಒಪ್ಪುತ್ತೇನೆ, ನನಗೆ ಹಣ ಉಳಿದಿಲ್ಲ. ಮಣ್ಣು, ಬಿದಿರಿಗೆ ಸುರಿದದ್ದು ಬಸಳೆಯ ಬೆಲೆಯಲ್ಲಿ ಹುಟ್ಟುವಂತಿಲ್ಲ. ಆದರೆ ಅಂದು ಸಭೆಯಲ್ಲಿ ಪ್ರಶ್ನಿಸಿದ ಆ ಹೆಣ್ಣುಮಗಳು ಈಗ ಶ್ರಾವಣದಲ್ಲಿ ನಮ್ಮ ಪಾತಿಯ ಕೆಸುವಿನೆಲೆ ಕೊಯ್ದು ಅಳೂವಡಿ ಮಾಡುತ್ತಾಳೆ. ನಮ್ಮ ಮನೆಯ ಪತ್ರೊಡೆ ಅವಳ ಮನೆಗೆ ಹೋಗುತ್ತದೆ. ನಾಲ್ಕು ವರ್ಷ ಲಿಫ್ಟಿನಲ್ಲಿ ಮುಗುಳ್ನಕ್ಕು ಸುಮ್ಮನಾಗುತ್ತಿದ್ದವರು ಈಗ ಮಾತಾಡುತ್ತಾರೆ. ಕನ್ನಡ ಓದಲು ಬಾರದ ನನ್ನ ಮೊಮ್ಮಗನಿಗೆ ಇಂದು ಬಸಳೆ, ತೊಂಡೆ, ಒಂದೆಲಗ, ಚಪ್ಪರ, ಪಾತಿ ಎಂಬ ಶಬ್ದಗಳು ಗೊತ್ತಿವೆ. ಪುಸ್ತಕದಿಂದ ಕಲಿಸಲು ಹೋಗಿ ನಾನು ಸೋತಿದ್ದೆ.

ಆದುದರಿಂದ ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿಯಿದೆ. ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ನಾವು ಕೊಡುವ ಹೂಗುಚ್ಛ ಮರುದಿನ ಕಸದ ಬುಟ್ಟಿ ಸೇರುತ್ತದೆ. ಅದರ ಬದಲು ಬಸಳೆಯದೊಂದು ತುಂಡು, ಕರಿಬೇವಿನದೊಂದು ಸಸಿ ಕೊಡಬಾರದೇಕೆ? ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಸದಸ್ಯರು ಕೂಡಿ, ಅನುಮತಿಯಿರುವ ಯಾವುದಾದರೊಂದು ಸೊಸೈಟಿಯ ಹಿಂಬದಿಯನ್ನು ತಮ್ಮ ಕೈಯಿಂದಲೇ ಹಸನು ಮಾಡಲಿ. ಅದು ಎಲ್ಲ ಭಾಷೆಯವರ ಹಿತ್ತಲಾಗಲಿ, ಬೀಗವಿಲ್ಲದಿರಲಿ, ಪೀಪಾಯಿಗೆ ಮಾತ್ರ ಮುಚ್ಚಳವಿರಲಿ. ಬಳ್ಳಿ ಬೇಕಾದವರು ಬರುವ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬರಬಹುದು. ನನ್ನ ಚಪ್ಪರದಲ್ಲಿ ಹತ್ತು ಮನೆಗಳಿಗೆ ಸಾಲುವಷ್ಟಿದೆ.